ಕೊಡಗಿನಲ್ಲಿ ರಾತ್ರಿಯಿಡೀ ಕುಣಿಯುವವರಿಗೆ: ಮೊದಲು ಮಲಗೋ ಜಾಗ ಗೊತ್ತು ಮಾಡ್ಕೊಳ್ಳಿ

ಕೊಡಗಿನವರಿಗೆ ಕುಣಿತ ಹೇಳಿಕೊಡಬೇಕಿಲ್ಲ. ಮದುವೆ ಮನೆಯಲ್ಲಿ ವಾಲಗ ಶುರುವಾದರೆ ಎಂಬತ್ತು ದಾಟಿದ ಅಜ್ಜಿಯೂ ಎದ್ದು ಬರುತ್ತಾರೆ. ವಿಜಯದಶಮಿ ರಾತ್ರಿ ಮಡಿಕೇರಿ ಪೇಟೆ ಕಣ್ಣು ಮುಚ್ಚುವುದೇ ಇಲ್ಲ. ಈಗ ಇವೆರಡರ ಜೊತೆಗೆ ಮೂರನೆಯದೂ ಸೇರಿದೆ. ಡಿಸೆಂಬರ್ ಬಂತೆಂದರೆ ತೋಟದ ಹೋಂಸ್ಟೇಗಳಲ್ಲಿ, ರೆಸಾರ್ಟ್‌ಗಳಲ್ಲಿ ಡಿಜೆ ಪಾರ್ಟಿ. ಬೆಂಗಳೂರು, ಮೈಸೂರು, ಮಂಗಳೂರು, ಕಣ್ಣೂರು ಕಡೆಯಿಂದೆಲ್ಲ ಹುಡುಗ ಹುಡುಗಿಯರು ಬರುತ್ತಾರೆ. ನಮ್ಮೂರಿನವರೂ ಹೋಗುತ್ತಾರೆ.

ಪಾರ್ಟಿ, ಸುರಕ್ಷತೆ ಅಂದ ಕೂಡಲೇ ಎಲ್ಲರೂ ಕುಡಿತದ ಮಾತೆತ್ತುತ್ತಾರೆ. ಅದನ್ನೂ ಕೆಳಗೆ ಬರೆದಿದ್ದೇನೆ. ಆದರೆ ಕೊಡಗಿನಲ್ಲಿ ಅಪಾಯ ಕುಣಿಯುವ ಜಾಗದಲ್ಲಿ ಕಡಿಮೆ, ಅದರ ಸುತ್ತ ಜಾಸ್ತಿ. ಚಳಿ, ಮಂಜು, ತಿರುವು ರಸ್ತೆ, ತೋಟದ ಕೆರೆ, ಆನೆ, ಸಿಗ್ನಲ್ ಇಲ್ಲದ ಫೋನು, ದೂರದ ಆಸ್ಪತ್ರೆ. ದೊಡ್ಡ ಊರಿನ ಪಬ್‌ನಿಂದ ಹೊರಬಿದ್ದವರಿಗೆ ಕ್ಯಾಬ್ ಸಿಗುತ್ತದೆ. ಇಲ್ಲಿ ರಾತ್ರಿ 2 ಗಂಟೆಗೆ ತೋಟದ ಗೇಟಿನ ಹೊರಗೆ ನಿಂತರೆ ಒಂದು ಆಟೋನೂ ಬರಲ್ಲ. ಹಾಗಾಗಿ ಈ ಲೇಖನದ ದೊಡ್ಡ ಪಾಲು ಹಾಡು ಶುರುವಾಗುವುದಕ್ಕೆ ಮುಂಚಿನ ಕೆಲಸಗಳದ್ದೇ.

1. ಮಲಗುವ ಜಾಗ

ಟಿಕೆಟ್ ಆಮೇಲೆ, ಮೊದಲು ಹಾಸಿಗೆ. ಪಾರ್ಟಿ ನಡೆಯುವ ಜಾಗದಲ್ಲೇ, ಇಲ್ಲವೇ ನಡೆದು ಹೋಗುವಷ್ಟು ಹತ್ತಿರದಲ್ಲಿ ಮಲಗಲು ಜಾಗ ಇದ್ದರೆ ಅರ್ಧ ಚಿಂತೆ ಕಳೆಯಿತು. ಕಾಫಿ ತೋಟದ ನಡುವೆ ರಾತ್ರಿ ‘ನಡೆದು ಹೋಗುವ ದೂರ’ ಅಂದರೆ ಗೇಟಿನ ಒಳಗೆ ಮಾತ್ರ. ಪಕ್ಕದ ತೋಟದ ಹೋಂಸ್ಟೇ ಅರ್ಧ ಕಿಲೋಮೀಟರ್ ಅಂತ ಮ್ಯಾಪ್ ತೋರಿಸಿದರೂ ಅದು ಕತ್ತಲಲ್ಲಿ ನಡೆಯುವ ದಾರಿಯಲ್ಲ.

ಅಲ್ಲೇ ಉಳಿಯಲು ಆಗದಿದ್ದರೆ ಜೀಪು ಅಥವಾ ಟ್ಯಾಕ್ಸಿಯನ್ನು ಮೊದಲೇ ಮಾತಾಡಿಕೊಳ್ಳಿ. ಡ್ರೈವರ್‌ಗೆ ಹೋಗುವ ಹೊತ್ತು, ವಾಪಸ್ ಬರುವ ಹೊತ್ತು ಎರಡನ್ನೂ ಹೇಳಿ. ಅವರಿಗೂ ಊಟ, ಮಲಗಲು ಜಾಗ ಬೇಕು ಎಂಬುದನ್ನು ಮರೆಯಬೇಡಿ. ನಿದ್ದೆಗೆಟ್ಟ ಡ್ರೈವರ್ ಕುಡಿದ ಡ್ರೈವರ್‌ಗಿಂತ ಹೆಚ್ಚು ಸುರಕ್ಷಿತ ಏನಲ್ಲ.

ರಸ್ತೆಯ ಲೆಕ್ಕವೂ ಇರಲಿ. ನಾಗರಹೊಳೆ ಕಾಡಿನ ಒಳಗೆ ಕುಟ್ಟದ ಕಡೆಯಿಂದ ಹುಣಸೂರಿಗೆ ಹೋಗುವ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೋಣಿಕೊಪ್ಪ, ತಿತಿಮತಿ, ಆನೆಚೌಕೂರು ಮೂಲಕ ಹುಣಸೂರಿಗೆ ಹೋಗುವ ರಸ್ತೆಯೂ ಕಾಡಿನ ನಡುವಿನದೇ. ಅಲ್ಲಿ ಆನೆ ರಸ್ತೆ ದಾಟುವುದು ಮಾಮೂಲಿ. ಕುಶಾಲನಗರ–ಮಡಿಕೇರಿ ನಡುವೆ ಆನೆಕಾಡು ಇದೆ, ಆಮೇಲೆ ಏರು, ತಿರುವು, ಮಂಜು. ಸಂಪಾಜೆ ಘಾಟಿಯಂತೂ ಹಗಲಲ್ಲೇ ಎಚ್ಚರ ಬೇಡುವ ರಸ್ತೆ. ಇವುಗಳಲ್ಲಿ ಯಾವುದೂ ನಡುರಾತ್ರಿ ಅರೆನಿದ್ದೆಯಲ್ಲಿ ಓಡಿಸುವಂಥದ್ದಲ್ಲ.

2. ನಡೆಸುವವರನ್ನು ವಿಚಾರಿಸುವುದು

ಇನ್‌ಸ್ಟಾಗ್ರಾಮ್ ಪೋಸ್ಟರ್‌ನಲ್ಲಿ ಕಾಫಿ ಹೂವು, ಮಂಜು, ಲೇಸರ್ ಲೈಟು ಎಲ್ಲ ಇರುತ್ತದೆ. ಜಾಗದ ಹೆಸರು ಮಾತ್ರ ಇರಲ್ಲ. ‘ಲೊಕೇಶನ್ ಕೊನೆಯ ದಿನ ಕಳಿಸ್ತೀವಿ’ ಅಂದರೆ ಅಲ್ಲಿಗೆ ಹೋಗುವ ಮುಂಚೆ ಎರಡು ಸಲ ಯೋಚಿಸಿ. ಅನುಮತಿ ಪಡೆದವರಿಗೆ ಜಾಗ ಮುಚ್ಚಿಡುವ ಅಗತ್ಯ ಏನಿರುತ್ತದೆ?

ಫೋನ್ ಮಾಡಿ ಕೇಳಿ. ಹೋಂಸ್ಟೇ ನೋಂದಣಿ ಆಗಿದೆಯಾ? ಮದ್ಯ ಕೊಡುವುದಾದರೆ ಅಬಕಾರಿ ಇಲಾಖೆಯಿಂದ ಸನ್ನದು ಇದೆಯಾ? ಒಂದು ದಿನದ ಕಾರ್ಯಕ್ರಮಕ್ಕೆ ಸಿಎಲ್-5 ಅಂತ ಸಾಂದರ್ಭಿಕ ಸನ್ನದು ಸಿಗುತ್ತದೆ. ಸರಿಯಾಗಿ ನಡೆಸುವವರಿಗೆ ಈ ಹೆಸರು ಗೊತ್ತಿರುತ್ತದೆ. ಎಷ್ಟು ಜನ ಬರುತ್ತಾರೆ, ಶೌಚಾಲಯ ಎಷ್ಟಿದೆ, ಕುಡಿಯುವ ನೀರು ಪುಕ್ಕಟೆಯಾ, ಕರೆಂಟ್ ಹೋದರೆ ಜನರೇಟರ್ ಇದೆಯಾ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಒಂದು ಗಾಡಿಯನ್ನು ಅದಕ್ಕೇ ಅಂತ ಇಟ್ಟಿರುತ್ತಾರಾ. ಈ ಕೊನೆಯ ಎರಡು ಪ್ರಶ್ನೆಗೆ ತಡವರಿಸಿದರೆ ಆ ಪಾರ್ಟಿ ಬೇಡ ಅನ್ನುವುದು ನನ್ನ ಮಾತು.

ಇನ್ನೊಂದು ವಿಷಯ, ಸದ್ದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ರಿಯಾಯಿತಿ ಕೊಡಬಹುದು. ಹಾಗಾಗಿ ‘ತೋಟದ ಬಯಲಲ್ಲಿ ಬೆಳಗಿನವರೆಗೆ ಡಿಜೆ’ ಅಂತ ಯಾರಾದರೂ ಟಿಕೆಟ್ ಮಾರಿದರೆ ಅದರ ಅರ್ಥ ಇಷ್ಟೇ: ಯಾವಾಗ ಬೇಕಾದರೂ ಪೊಲೀಸರು ಬಂದು ನಿಲ್ಲಿಸಬಹುದು. ಆಗ ನೂರಾರು ಜನ ಒಂದೇ ಹೊತ್ತಿಗೆ, ಕುಡಿದ ಸ್ಥಿತಿಯಲ್ಲಿ, ಕಾರಿನ ಕೀ ಹುಡುಕುತ್ತಾರೆ. ಇಡೀ ರಾತ್ರಿಯ ಅತಿ ಕೆಟ್ಟ ಹೊತ್ತು ಅದೇ. ಮುಚ್ಚಿದ ಹಾಲ್‌ನಲ್ಲಿ ನಡೆಯುವ ಪಾರ್ಟಿ, ಇಲ್ಲವೇ ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಕುಣಿಯುವ ಪಾರ್ಟಿ ಇದ್ದರೆ ಅದನ್ನು ಆರಿಸಿಕೊಳ್ಳಿ. ಪಕ್ಕದಲ್ಲಿ ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಮಲಗಿರುವವರು ಬೆಳಿಗ್ಗೆ ಎದ್ದು ಕಾಫಿ ಕುಯ್ಯಲು ಹೋಗಬೇಕು, ಅವರ ನಿದ್ದೆಯೂ ನಿದ್ದೆಯೇ ಅಲ್ವಾ?

3. ಬಟ್ಟೆ, ಚೀಲ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಚಳಿ ಮೂಳೆಗೆ ಇಳಿಯುತ್ತದೆ. ಕುಣಿಯುವಾಗ ಅದು ಗೊತ್ತಾಗಲ್ಲ. ಬೆವರಿ ಒದ್ದೆಯಾದ ಶರ್ಟಿನಲ್ಲಿ ಹೊರಗೆ ಬಂದು ಹತ್ತು ನಿಮಿಷ ಕೂತಾಗ ಗೊತ್ತಾಗುತ್ತದೆ. ಆದ್ದರಿಂದ ಒಂದು ದಪ್ಪ ಜಾಕೆಟ್‌ಗಿಂತ ಎರಡು ಮೂರು ತೆಳು ಪದರ ಒಳ್ಳೆಯದು. ಬೆವರಿದಾಗ ಬಿಚ್ಚಿ, ಕೂತಾಗ ಹಾಕಿಕೊಳ್ಳಿ. ಒಣಗಿದ ಟೀ ಶರ್ಟ್ ಒಂದು ಚೀಲದಲ್ಲಿರಲಿ. ತಲೆಗೆ ಟೋಪಿ.

ಕಾಲಿಗೆ ಹಿಮ್ಮಡಿ ಎತ್ತರದ ಚಪ್ಪಲಿ ಬೇಡವೇ ಬೇಡ. ತೋಟದ ಪಾರ್ಟಿ ಬಹಳ ಸಲ ನಡೆಯುವುದು ಕಾಫಿ ಒಣಗಿಸುವ ಕಣದಲ್ಲಿ. ರಾತ್ರಿ ಇಬ್ಬನಿ ಬಿದ್ದರೆ ಆ ಸಿಮೆಂಟ್ ನೆಲ ಜಾರುತ್ತದೆ. ಮುಚ್ಚಿದ, ಹಿಡಿತ ಇರುವ ಶೂ ಹಾಕಿ. ಹಾವು ತುಳಿಯುವ ಭಯವೂ ಕಡಿಮೆಯಾಗುತ್ತದೆ. ಕಣದ ಒಂದು ಮೂಲೆಯಲ್ಲಿ ಕಾಫಿ ಹರವಿದ್ದರೆ ಅದರ ಮೇಲೆ ಕಾಲಿಡಬೇಡಿ. ಅದು ಒಬ್ಬರ ವರ್ಷದ ಬೆಳೆ.

ಚೀಲಕ್ಕೆ: ಟಾರ್ಚು (ಫೋನಿನದ್ದು ಲೆಕ್ಕಕ್ಕಿಲ್ಲ), ಪವರ್ ಬ್ಯಾಂಕ್, ಓಆರ್‌ಎಸ್ ಪೊಟ್ಟಣ, ನಿಮ್ಮ ಮಾಮೂಲಿ ಮಾತ್ರೆ ಅಥವಾ ಇನ್‌ಹೇಲರ್, ಚಿಲ್ಲರೆ ದುಡ್ಡು, ಮೆಡಿಕಲ್ ಶಾಪಿನ ಫೋಮ್ ಇಯರ್‌ಪ್ಲಗ್. ಮನೆಯವರ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಡಿ. ಫೋನ್ ಸತ್ತರೆ ಯಾರ ನಂಬರೂ ಬಾಯಿಗೆ ಬರಲ್ಲ. ಮ್ಯಾಪನ್ನು ಊರು ಬಿಡುವ ಮುಂಚೆಯೇ ಡೌನ್‌ಲೋಡ್ ಮಾಡಿಕೊಳ್ಳಿ, ಎಷ್ಟೋ ತೋಟಗಳಲ್ಲಿ ನೆಟ್‌ವರ್ಕ್ ಇರಲ್ಲ. ಅಲ್ಲಿ ಲ್ಯಾಂಡ್‌ಲೈನ್ ಅಥವಾ ವೈಫೈ ಇದ್ದರೆ ಹೋದ ಕೂಡಲೇ ಕೇಳಿಟ್ಟುಕೊಳ್ಳಿ.

4. ಊಟ

ಸಂಜೆ 7ರ ಒಳಗೆ ಹೊಟ್ಟೆ ತುಂಬ ಊಟ. ಪಂದಿ ಕರಿ, ಕಡಂಬುಟ್ಟು, ಅಕ್ಕಿ ರೊಟ್ಟಿ, ಸಸ್ಯಾಹಾರಿಗಳಿಗೆ ಅನ್ನ ಸಾರು ಪಲ್ಯ, ಏನಾದರೂ ಸರಿ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ. ಕುಡಿಯದವರಿಗೂ ರಾತ್ರಿಯಿಡೀ ಕುಣಿಯಲು ಶಕ್ತಿ ಬೇಕು. ನಡುರಾತ್ರಿಗೆ ಬಾಳೆಹಣ್ಣು, ಕಡಲೆಕಾಯಿ ಇಟ್ಟುಕೊಳ್ಳಿ.

5. ಗುಂಪು

ಒಬ್ಬರೇ ಹೋಗಬೇಡಿ. ಗುಂಪು ದೊಡ್ಡದಿದ್ದರೆ ಇಬ್ಬಿಬ್ಬರ ಜೋಡಿ ಮಾಡಿಕೊಳ್ಳಿ. ‘ಎಲ್ಲರೂ ಎಲ್ಲರನ್ನೂ ನೋಡ್ಕೊಳ್ಳೋಣ’ ಅಂದರೆ ಯಾರೂ ಯಾರನ್ನೂ ನೋಡಲ್ಲ. ನನ್ನ ಜೋಡಿ ಎಲ್ಲಿ ಅನ್ನುವುದಷ್ಟೇ ನನ್ನ ಕೆಲಸ. ಗಂಟೆಗೊಮ್ಮೆ ಮುಖ ನೋಡಿ, ಮಾತಾಡಿಸಿ. ತಪ್ಪಿಸಿಕೊಂಡರೆ ಸೇರುವ ಜಾಗ ಒಂದನ್ನು ಗೊತ್ತು ಮಾಡಿ. ‘ಸ್ಟೇಜ್ ಹತ್ತಿರ’ ಅಂತಲ್ಲ, ಅಲ್ಲಿ ಕಿವಿ ಕೇಳಲ್ಲ, ಕಣ್ಣೂ ಕಾಣಲ್ಲ. ಮನೆಯ ಮೆಟ್ಟಿಲು, ಕಾರು ನಿಲ್ಲಿಸಿದ ಮರ, ಹೀಗೆ.

ಗುಂಪಿನಲ್ಲಿ ಒಬ್ಬರು ಆ ರಾತ್ರಿ ಕುಡಿಯಬಾರದು. ಕಾರು ಓಡಿಸಲಿಕ್ಕೆ ಮಾತ್ರವಲ್ಲ, ಏನಾದರೂ ಆದರೆ ತಲೆ ನೆಟ್ಟಗಿರುವ ಒಬ್ಬರು ಬೇಕು ಅಂತ. ಆ ಪಾಳಿ ಸುತ್ತಿ ಬರಲಿ. ಪ್ರತಿ ಸಲ ಅದೇ ಪಾಪದವರ ತಲೆಗೆ ಕಟ್ಟುವುದು ಅನ್ಯಾಯ.

6. ಕುಣಿಯುವಾಗ

ರಾತ್ರಿ 9ಕ್ಕೇ ಪೂರಾ ಜೋರು ತೋರಿಸಿದರೆ 12ಕ್ಕೆ ಮೂಲೆ ಸೇರಬೇಕಾಗುತ್ತದೆ. ವಾಲಗಕ್ಕೆ ಕುಣಿಯುವ ಹಿರಿಯರನ್ನು ನೋಡಿ. ಕೈ ಎತ್ತಿ, ಹದವಾಗಿ, ಹಾಡಿನ ಜೊತೆ ಸಾಗುತ್ತಾರೆ. ಅದಕ್ಕೇ ಅವರು ಗಂಟೆಗಟ್ಟಲೆ ಕುಣಿದರೂ ಏದುಸಿರು ಬಿಡಲ್ಲ. ಮುಕ್ಕಾಲು ಗಂಟೆ ಕುಣಿದು ಹತ್ತು ಹದಿನೈದು ನಿಮಿಷ ಕೂರುವುದು ಒಳ್ಳೆಯ ಲೆಕ್ಕ.

ನೀರು ಕುಡಿಯಿರಿ, ಆದರೆ ಗುಟುಕು ಗುಟುಕಾಗಿ. ಬೆವರುತ್ತಾ ಕುಣಿಯುವವರಿಗೆ ಗಂಟೆಗೆ ಅರ್ಧ ಲೀಟರ್ ಸಾಕು. ಭಯಕ್ಕೆ ಬಾಟಲಿ ಮೇಲೆ ಬಾಟಲಿ ಸುರಿದುಕೊಂಡರೆ ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತಲೆನೋವು, ವಾಂತಿ, ಗೊಂದಲ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು ಇದ್ದರೆ ಬಹಳ ಒಳ್ಳೆಯದು. ಓಆರ್‌ಎಸ್ ಆದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ.

ಕಿವಿಯ ವಿಷಯವನ್ನು ನಮ್ಮಲ್ಲಿ ಯಾರೂ ತಲೆಗೆ ಹಚ್ಚಿಕೊಳ್ಳಲ್ಲ. 85 ಡೆಸಿಬೆಲ್ ಸದ್ದನ್ನು ಕಿವಿ 8 ಗಂಟೆ ತಡೆಯಬಹುದು ಅಂತ ಒಂದು ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧವಾಗುತ್ತದೆ. ಹಾಗೆ ಇಳಿಸುತ್ತಾ ಬಂದರೆ 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. ಡಿಜೆ ಸ್ಪೀಕರ್ ಮುಂದೆ 100 ದಾಟುವುದು ದೊಡ್ಡ ವಿಷಯವೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಮಾನದಂಡ ಇಂಥ ಜಾಗಗಳ ಸರಾಸರಿ ಸದ್ದು 100 ಡೆಸಿಬೆಲ್ ಮೀರಬಾರದು, ಕಿವಿಗೆ ವಿಶ್ರಾಂತಿ ಕೊಡಲು ಸದ್ದಿಲ್ಲದ ಮೂಲೆ ಇರಬೇಕು ಅನ್ನುತ್ತದೆ. ಇಯರ್‌ಪ್ಲಗ್ ಹಾಕಿದರೆ ಹಾಡು ಕೇಳಲ್ಲ ಅನ್ನುವುದು ಸುಳ್ಳು. ಕೇಳುತ್ತದೆ, ಪಕ್ಕದವರ ಮಾತೂ ಕೇಳುತ್ತದೆ. ಹತ್ತಿ ತುರುಕಿದರೆ ಸಾಲದು. ಸ್ಪೀಕರ್‌ನಿಂದ ದೂರ ನಿಲ್ಲುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಮೂರ್ಛೆರೋಗ ಇರುವವರಲ್ಲಿ ಕೆಲವರಿಗೆ ಪಟಪಟ ಮಿಂಚುವ ಲೈಟಿನಿಂದ ಫಿಟ್ಸ್ ಬರಬಹುದು. ನಿಮಗೆ ಹಾಗಿದ್ದರೆ ಜೋಡಿಗೆ ಮೊದಲೇ ಹೇಳಿಡಿ. ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣ, ಕೀ ಕೊಡುವುದು, ಬಾಯಿಗೆ ಚಮಚ ತುರುಕುವುದು, ಈರುಳ್ಳಿ ಮೂಸಿಸುವುದು ಯಾವುದೂ ಬೇಡ. ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಫಿಟ್ಸ್ ನಿಂತ ಮೇಲೆ ಮಗ್ಗುಲಿಗೆ ಮಲಗಿಸಿ. ಐದು ನಿಮಿಷವಾದರೂ ನಿಲ್ಲದಿದ್ದರೆ ಆಂಬ್ಯುಲೆನ್ಸ್ ಕರೆಯಿರಿ.

7. ಕುಡಿಯುವವರಿಗೆ

ಕುಡಿಯದೆಯೂ ರಾತ್ರಿಯಿಡೀ ಕುಣಿಯಬಹುದು. ಕುಡಿಯುವವರಿಗೆ ಲೆಕ್ಕ ಗೊತ್ತಿರಬೇಕು. 30 ಎಂಎಲ್‌ನ ಒಂದು ಸಣ್ಣ ಪೆಗ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. 650 ಎಂಎಲ್‌ನ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಹೆಚ್ಚುಕಮ್ಮಿ ನಾಲ್ಕು ಸಣ್ಣ ಪೆಗ್ಗಿನಷ್ಟು. ‘ಬಿಯರ್ ತಾನೇ’ ಅನ್ನುವವರು ಇದನ್ನು ಇನ್ನೊಮ್ಮೆ ಓದಿ. ದೇಹ ಒಂದು ಸಣ್ಣ ಪೆಗ್ ಕರಗಿಸಲು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ತಣ್ಣೀರ ಸ್ನಾನ, ಮಜ್ಜಿಗೆ, ವಾಂತಿ ಯಾವುದೂ ಅದನ್ನು ಬೇಗ ಮಾಡಿಸಲ್ಲ. ಕೊಡಗಿನ ಕಾಫಿ ಎಷ್ಟೇ ಸ್ಟ್ರಾಂಗ್ ಇದ್ದರೂ ಎಚ್ಚರವಿರುವ ಕುಡುಕನನ್ನು ಮಾಡುತ್ತದೆಯೇ ಹೊರತು ಅಮಲು ಇಳಿಸಲ್ಲ.

ಹೋಂಮೇಡ್ ವೈನ್ ಬಗ್ಗೆ ಒಂದು ಮಾತು. ಹಣ್ಣಿನ ರುಚಿ, ಸಿಹಿ, ಶರಬತ್ತಿನ ಹಾಗೆ ಇಳಿಯುತ್ತದೆ. ಅದರಲ್ಲಿ ಎಷ್ಟು ಆಲ್ಕೋಹಾಲ್ ಇದೆ ಅಂತ ಮಾಡಿದವರಿಗೂ ಗೊತ್ತಿರಲ್ಲ. ಅಳತೆ ಗೊತ್ತಿಲ್ಲದ್ದನ್ನು ಸಣ್ಣ ಲೋಟದಲ್ಲಿ, ನಿಧಾನವಾಗಿ.

ಚಳಿಗೆ ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ ಅನ್ನುವುದು ನಮ್ಮ ಕಡೆಯ ಹಳೆಯ ನಂಬಿಕೆ. ಚರ್ಮಕ್ಕೆ ರಕ್ತ ಹರಿದು ಬೆಚ್ಚಗೆ ಅನ್ನಿಸುವುದು ನಿಜ. ಅದೇ ಕಾರಣಕ್ಕೆ ಒಳಗಿನ ಶಾಖ ಬೇಗ ಹೊರಗೆ ಹೋಗುತ್ತದೆ. ಕುಡಿದು ಇಬ್ಬನಿಯಲ್ಲಿ ಹುಲ್ಲಿನ ಮೇಲೆ ಮಲಗಿದವರನ್ನು ‘ಪಾಪ ಮಲಗಲಿ ಬಿಡು’ ಅಂತ ಬಿಟ್ಟು ಹೋಗಲೇಬಾರದು. ಎಬ್ಬಿಸಿ, ಒಳಗೆ ಕರೆದೊಯ್ದು, ಒಣ ಬಟ್ಟೆ ಕೊಟ್ಟು ಕಂಬಳಿ ಹೊದಿಸಿ.

ಲೋಟ ಕೈಯಲ್ಲೇ ಇರಲಿ. ಇಟ್ಟು ಹೋದದ್ದನ್ನು ವಾಪಸ್ ಬಂದು ಕುಡಿಯಬೇಡಿ, ಹೊಸದು ತಗೊಳ್ಳಿ. ಕುಡಿದದ್ದಕ್ಕಿಂತ ತುಂಬಾ ಜಾಸ್ತಿ ಅಮಲು ಏರಿದ ಹಾಗೆ ಅನ್ನಿಸಿದರೆ ಕೂಡಲೇ ಜೋಡಿಗೆ ಹೇಳಿ, ಅವರನ್ನು ಬಿಟ್ಟು ಎಲ್ಲಿಗೂ ಹೋಗಬೇಡಿ.

ಕಾನೂನು: ರಾಜ್ಯದ ಅಬಕಾರಿ ನಿಯಮದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ಗಾಡಿ ಓಡಿಸಿದರೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

8. ಮಾತ್ರೆ, ಪುಡಿ, ಸೊಪ್ಪು

ತಗೊಳ್ಳಬೇಡಿ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಮಾದಕ ವಸ್ತು ಇಟ್ಟುಕೊಂಡರೂ ತಪ್ಪು, ಸೇವಿಸಿದರೂ ತಪ್ಪು. ಕಾನೂನು ಬದಿಗಿಟ್ಟರೂ, ಪಾರ್ಟಿಯಲ್ಲಿ ಕೈ ಬದಲಾಯಿಸುವ ಮಾತ್ರೆಯೊಳಗೆ ಏನಿದೆ ಅಂತ ಕೊಟ್ಟವರಿಗೇ ಗೊತ್ತಿರಲ್ಲ. ಎಕ್ಸ್‌ಟಸಿ ಅಂತ ಕರೆಯುವ ಎಂಡಿಎಂಎ ದೇಹದ ಶಾಖ ಏರಿಸುತ್ತದೆ, ಬಾಯಾರಿಕೆ ಸುಸ್ತು ಗೊತ್ತಾಗದ ಹಾಗೆ ಮಾಡುತ್ತದೆ. ನಿಲ್ಲದೆ ಕುಣಿದವರಿಗೆ ಇದೇ ಜೀವಕ್ಕೆ ಮುಳುವಾಗುತ್ತದೆ. ಮೊದಲನೆಯದು ಏರಲಿಲ್ಲ ಅಂತ ಎರಡನೆಯದು ನುಂಗುವುದು ಇನ್ನೂ ಅಪಾಯ. ನಿದ್ದೆ ಮಾತ್ರೆ ಮತ್ತು ಮದ್ಯ ಒಟ್ಟಾದರೆ ಉಸಿರೇ ನಿಧಾನವಾಗಿ ನಿಲ್ಲಬಹುದು.

ಗೆಳೆಯರು ತಗೊಂಡಿದ್ದಾರೆ ಅಂತ ಗೊತ್ತಾದರೆ ಬೈಯುವುದು ನಾಳೆಗಿರಲಿ. ಈಗ ಅವರನ್ನು ಗದ್ದಲದಿಂದ ಹೊರಗೆ, ಗಾಳಿ ಇರುವ ಜಾಗದಲ್ಲಿ ಕೂರಿಸಿ, ಒಬ್ಬರು ಜೊತೆಗೇ ಇರಿ. ಮೈ ಸುಡುವಷ್ಟು ಬಿಸಿ, ಮಾತು ತಪ್ಪುವುದು, ಎದೆನೋವು, ಮೈ ಸೆಟೆಯುವುದು, ಎಬ್ಬಿಸಿದರೂ ಏಳದಿರುವುದು, ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ. ಅಲ್ಲಿ ಏನು ತಗೊಂಡರು, ಯಾವಾಗ, ಎಷ್ಟು ಅಂತ ನಿಜ ಹೇಳಿ. ಮಾನ ಹೋಗುತ್ತದೆ ಅಂತ ಮುಚ್ಚಿಟ್ಟರೆ ಡಾಕ್ಟರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

9. ಬೇಡ ಅಂದರೆ ಬೇಡ

ಇದಕ್ಕೆ ಉದ್ದ ವಿವರಣೆ ಬೇಕಿಲ್ಲ. ಒಟ್ಟಿಗೆ ಕುಣಿದರು ಅಂದ ಮಾತ್ರಕ್ಕೆ ಮುಟ್ಟಲು ಒಪ್ಪಿಗೆ ಸಿಕ್ಕಿತು ಅಂತಲ್ಲ. ಅಮಲಲ್ಲಿರುವವರ ಒಪ್ಪಿಗೆ ಒಪ್ಪಿಗೆಯಲ್ಲ. ಕೇಳದೆ ವಿಡಿಯೋ ಮಾಡಬೇಡಿ. ಒಬ್ಬಳು ಹುಡುಗಿ ಇರುಸುಮುರುಸಿನಲ್ಲಿ ಇರುವುದು ಕಂಡರೆ ‘ಅಕ್ಕ, ನಿಮ್ಮವರು ಹುಡುಕ್ತಾ ಇದ್ದಾರೆ’ ಅಂತ ಕರೆಯಿರಿ. ಜಗಳವಿಲ್ಲದೆ ಅವಳಿಗೆ ಹೊರಬರಲು ದಾರಿ ಸಿಗುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

10. ತೋಟದ ಕತ್ತಲು

ಬೆಳಕು ಮುಗಿಯುವಲ್ಲಿಗೆ ಪಾರ್ಟಿಯೂ ಮುಗಿಯಿತು ಅಂತ ಇಟ್ಟುಕೊಳ್ಳಿ. ತೋಟದ ಕೆರೆ ದೂರದಿಂದ ಈಜುಕೊಳದ ಹಾಗೆ ಕಾಣುತ್ತದೆ. ಅಂಚು ಕಡಿದಾದ ಮಣ್ಣು, ಪಾಚಿ, ಇಳಿದ ತಕ್ಷಣ ಆಳ. ಈಜು ಬಲ್ಲವರೂ ಹತ್ತಿ ಬರಲು ಹಿಡಿತ ಸಿಗದೆ ಒದ್ದಾಡುತ್ತಾರೆ. ಕುಡಿದವರನ್ನು ಕೆರೆ, ಹೊಳೆ ಕಡೆ ಹೋಗಲು ಬಿಡಲೇಬೇಡಿ.

ಆನೆ ಕಥೆಯಲ್ಲ. ಕಾಡಂಚಿನ ತೋಟಗಳಿಗೆ ಹಲಸು, ಬಾಳೆ, ಭತ್ತ, ನೀರು ಹುಡುಕಿ ರಾತ್ರಿ ಬರುತ್ತದೆ, ಬೆಳಗಿನ ಜಾವಕ್ಕೂ ಇರುತ್ತದೆ. ‘ಆನೆ ನೋಡೋಣ ಬನ್ನಿ’ ಅಂತ ಟಾರ್ಚು ಹಿಡಿದು ಹೊರಡುವುದು ಹುಚ್ಚು. ತೋಟದ ಮಾಲೀಕರು, ರೈಟರ್ (ತೋಟದ ಗುಮಾಸ್ತ), ಕೆಲಸದವರು ಇವತ್ತು ಆ ಕಡೆ ಹೋಗಬೇಡಿ ಅಂದರೆ ವಾದ ಮಾಡಬೇಡಿ. ರಸ್ತೆಯಲ್ಲಿ ಆನೆ ಸಿಕ್ಕರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಇಳಿಯುವುದು ಬೇಡ, ಫ್ಲ್ಯಾಶ್ ಹಾಕಿ ಫೋಟೋ ಬೇಡ. ಮುಂದೆ ಬಂದರೆ ನಿಧಾನ ಹಿಂದಕ್ಕೆ ತಗೊಳ್ಳಿ. ಅದು ತಾನಾಗಿ ಹೋದ ಮೇಲೂ ಸ್ವಲ್ಪ ಕಾಯಿರಿ, ಹಿಂದೆ ಮರಿ ಇರಬಹುದು.

ಎಷ್ಟೋ ತೋಟಗಳಲ್ಲಿ ರಾತ್ರಿ ನಾಯಿ ಬಿಡುತ್ತಾರೆ, ಯಾವ ಹೊತ್ತಿಗೆ ಅಂತ ಕೇಳಿಕೊಳ್ಳಿ. ಮನೆಯ ಗೋಡೆಯಲ್ಲಿ ಕೋವಿ ಕಂಡರೆ ಫೋಟೋಗೆ ಅಂತ ಕೈ ಹಾಕಬೇಡಿ. ಕೊಡಗಿನ ಮನೆಗಳಲ್ಲಿ ಅದು ಗೌರವದ ವಸ್ತು, ಆಟದ್ದಲ್ಲ.

ಬೆಂಕಿಯದ್ದು ಒತ್ತಿ ಹೇಳಬೇಕಾದ ಮಾತು. ಕ್ಯಾಂಪ್‌ಫೈರ್ ಮುಗಿದ ಮೇಲೆ ಕೆಂಡವನ್ನು ಬಾಣಲೆಗೋ ಬಕೆಟ್‌ಗೋ ತುಂಬಿ, ಚಳಿ ಕಾಯಿಸಲು ಟೆಂಟ್ ಒಳಗೆ ಅಥವಾ ಕಿಟಕಿ ಮುಚ್ಚಿದ ಕೋಣೆಗೆ ತರುವವರಿದ್ದಾರೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್‌ಗೂ ಇದೇ ಮಾತು. ಚಳಿಗೆ ಇನ್ನೊಂದು ಕಂಬಳಿ ಕೇಳಿ, ಕೆಂಡ ಬೇಡ. ಹೊರಗಿನ ಬೆಂಕಿಗೂ ನೀರು ಸುರಿದೇ ಮಲಗಿ. ಬೇಸಿಗೆಯಲ್ಲಿ ಒಣ ಎಲೆಗೆ ಒಂದು ಕಿಡಿ ಸಾಕು.

11. ವಿಜಯದಶಮಿ ರಾತ್ರಿ

ಮಡಿಕೇರಿ ದಸರಾ ಬೇರೆಯೇ ಲೋಕ, ಟಿಕೆಟ್ ಇಲ್ಲ, ಗೇಟ್ ಇಲ್ಲ. ಹತ್ತು ದೇವಸ್ಥಾನಗಳ ದಶಮಂಟಪ ರಾತ್ರಿ ಹೊರಡುತ್ತದೆ. ಟ್ರಾಕ್ಟರ್ ಮೇಲೆ ಅಸುರ ಸಂಹಾರದ ಕಥೆ, ಅಲುಗಾಡುವ ಬೊಂಬೆ, ಬೆಳಕು, ಹೊಗೆ, ಸದ್ದು. ನಡುರಾತ್ರಿ ದಾಟಿದ ಮೇಲೆಯೇ ನಿಜವಾದ ಆಟ, ಮುಗಿಯುವುದು ಬೆಳಗಾದ ಮೇಲೆ. ಗೋಣಿಕೊಪ್ಪದಲ್ಲೂ ದಸರಾ ಜೋರು. ಮಂಟಪದ ಸದ್ದಿನ ಬಗ್ಗೆ ಆಗಾಗ ಚರ್ಚೆ ಏಳುತ್ತದೆ, ಅದು ಬೇರೆ ಲೇಖನದ ವಿಷಯ.

ಗಾಡಿಯನ್ನು ಪೇಟೆಯ ಹೊರಗೆ, ಮುಖವನ್ನು ನೀವು ಹೋಗುವ ದಿಕ್ಕಿಗೆ ಮಾಡಿ ನಿಲ್ಲಿಸಿ. ಸಂಜೆ ಹೊತ್ತು ಮಲಗಿ ಎದ್ದು ಬನ್ನಿ. ಹತ್ತೂ ಮಂಟಪದ ಹಿಂದೆ ಓಡಿದರೆ ಒಂದನ್ನೂ ನೋಡಿದ ಹಾಗಾಗಲ್ಲ. ಎರಡೋ ಮೂರೋ ಆರಿಸಿಕೊಂಡು, ಪ್ರದರ್ಶನ ನಡೆಯುವ ಜಾಗದಲ್ಲಿ ಮೊದಲೇ ನಿಲ್ಲಿ.

ಮಡಿಕೇರಿ ರಸ್ತೆಗಳೆಲ್ಲ ಏರು ಇಳಿಜಾರು. ಇಳಿಜಾರಿನಲ್ಲಿ ಬರುವ ಮಂಟಪದ ಮುಂದೆ ಕುಣಿಯಬೇಡಿ, ಟ್ರಾಕ್ಟರ್ ಮತ್ತು ಟ್ರೈಲರ್ ನಡುವೆ ನುಗ್ಗಬೇಡಿ. ಅಕ್ಟೋಬರಿನಲ್ಲಿ ಮಳೆ ಬರುವುದುಂಟು. ಮಳೆ ಬಂದರೆ ಜನರೇಟರ್ ವೈರು, ಮಂಟಪದ ಕಬ್ಬಿಣದಿಂದ ದೂರ ಸರಿಯಿರಿ. ಲೇಸರ್ ಬೆಳಕನ್ನು ನೇರ ನೋಡಬೇಡಿ.

ಜನ ಒತ್ತತೊಡಗಿದರೆ ಎದೆಯ ಮುಂದೆ ಎರಡೂ ಕೈ ಮಡಚಿ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ. ಹಿಂದಕ್ಕೆ ತಳ್ಳಬೇಡಿ, ಜನ ಸಾಗುವ ಕಡೆಗೇ ಓರೆಯಾಗಿ ಸರಿಯುತ್ತಾ ಅಂಚು ಸೇರಿ. ಬಿದ್ದ ಮೊಬೈಲಿಗೆ ಬಗ್ಗಬೇಡಿ. ಗೋಡೆ, ಮುಚ್ಚಿದ ಶಟರ್‌ಗೆ ಒತ್ತಿಕೊಂಡು ನಿಲ್ಲುವುದೂ ಅಪಾಯ, ಪಕ್ಕದ ಗಲ್ಲಿ ಹುಡುಕಿ. ಮಕ್ಕಳ ಜೇಬಿನಲ್ಲಿ ನಿಮ್ಮ ನಂಬರ್ ಬರೆದ ಚೀಟಿ ಇಡಿ, ಅವರ ಕಿವಿಗೆ ಸ್ಪೀಕರ್ ಹತ್ತಿರ ಬೇಡವೇ ಬೇಡ. ತೀರಾ ಸಣ್ಣ ಮಕ್ಕಳಿದ್ದರೆ ಮೇಲಿನ ಮಹಡಿ ಇರುವ ನೆಂಟರ ಮನೆಯೇ ಸರಿ.

12. ಏನಾದರೂ ಆದರೆ

ಕುಡಿದು ಬಿದ್ದವರನ್ನು ಕರೆದು, ಭುಜ ತಟ್ಟಿ ನೋಡಿ. ಉಸಿರಾಡುತ್ತಿದ್ದಾರೆ ಆದರೆ ಏಳುತ್ತಿಲ್ಲ ಅಂದರೆ ಮಗ್ಗುಲಿಗೆ ಮಲಗಿಸಿ. ಮೇಲಿನ ಮೊಣಕಾಲು ಮಡಚಿ ಮುಂದಕ್ಕೆ, ಮೇಲಿನ ಕೈ ಕೆನ್ನೆ ಕೆಳಗೆ, ಬಾಯಿ ಸ್ವಲ್ಪ ನೆಲದ ಕಡೆಗೆ. ಅಂಗಾತ ಮಲಗಿಸಿದರೆ ವಾಂತಿ ಶ್ವಾಸನಾಳಕ್ಕೆ ಹೋಗಬಹುದು. ಮೊಸರು, ನಿಂಬೆರಸ ಏನನ್ನೂ ಬಾಯಿಗೆ ಹಾಕಬೇಡಿ. ತುಟಿ ನೀಲಿ, ಉಸಿರು ತಡೆ ತಡೆದು ಬರುವುದು, ಮೈ ತಣ್ಣಗಾಗುವುದು ಕಂಡರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ತೋಟದ ಹೆಸರಷ್ಟೇ ಹೇಳಿದರೆ ಸಾಲದು. ಮುಖ್ಯ ರಸ್ತೆ, ಹತ್ತಿರದ ಬಸ್ ಸ್ಟಾಪು, ಯಾವ ಗೇಟು ಅಂತ ಹೇಳಿ, ಒಬ್ಬರು ಗಾಡಿಯಲ್ಲಿ ರಸ್ತೆಗೆ ಬಂದು ಕಾಯಲಿ.

ದೊಡ್ಡ ಸರ್ಕಾರಿ ಆಸ್ಪತ್ರೆ ಇರುವುದು ಮಡಿಕೇರಿಯಲ್ಲಿ, ಕೊಡಗು ವೈದ್ಯಕೀಯ ಕಾಲೇಜಿನ ಜೊತೆಗಿನದ್ದು. ವಿರಾಜಪೇಟೆ, ಸೋಮವಾರಪೇಟೆಯಲ್ಲೂ ಸರ್ಕಾರಿ ಆಸ್ಪತ್ರೆಗಳಿವೆ. ಗಂಭೀರವಾದದ್ದು ಬಹಳ ಸಲ ಮೈಸೂರಿಗೇ ಹೋಗಬೇಕಾಗುತ್ತದೆ, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಅದಕ್ಕೇ ಹತ್ತು ನಿಮಿಷ ನೋಡೋಣ, ಇಳಿಯಬಹುದು ಅಂತ ಇಲ್ಲಿ ಕಾಯುವಂತಿಲ್ಲ. ರಸ್ತೆಯಲ್ಲಿ ಅಪಘಾತ ಕಂಡು ನೆರವಾದರೆ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತೇವೆ ಅನ್ನುವ ಭಯ ಬೇಡ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ ನೆರವಾದವರಿಗೆ ರಕ್ಷಣೆ ಕೊಡುತ್ತದೆ.

13. ಬೆಳಗಾದ ಮೇಲೆ

ರಾತ್ರಿ 2ಕ್ಕೆ ನಿಲ್ಲಿಸಿದ ಕುಡಿತ ಬೆಳಿಗ್ಗೆ 7ಕ್ಕೂ ರಕ್ತದಲ್ಲಿ ಇರಬಹುದು. ಕುಡಿಯದವರಿಗೂ ನಿದ್ದೆ ಬಾಕಿ ಇದೆ. ಮಂಜು ಮುಸುಕಿದ ತಿರುವಿನಲ್ಲಿ ಎರಡು ಕ್ಷಣ ಕಣ್ಣು ಮುಚ್ಚಿದರೆ ಮುಗಿಯಿತು. ನಾಲ್ಕೈದು ಗಂಟೆ ಮಲಗಿ, ತಿಂಡಿ ತಿಂದು, ಮಂಜು ಕರಗಿದ ಮೇಲೆ ಹೊರಡಿ. ಹೋಂಸ್ಟೇಯವರ ಹತ್ತಿರ ಚೆಕ್‌ಔಟ್ ತಡವಾಗಿ ಇರಲಿ ಅಂತ ಬುಕ್ ಮಾಡುವಾಗಲೇ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಬೆಂಗಳೂರಿನವರು ಸೋಮವಾರ ಆಫೀಸಿಗೆ ರಜೆ ಹಾಕಿಯೇ ಬನ್ನಿ. ಭಾನುವಾರ ಸಂಜೆ ಅರೆನಿದ್ದೆಯಲ್ಲಿ ಓಡಿಸುವ ಅವಸರ ಅದರಿಂದಲೇ ಹುಟ್ಟುವುದು.

ಬಾಟಲಿ, ಪ್ಲಾಸ್ಟಿಕ್ ಹೆಕ್ಕಿ ಚೀಲಕ್ಕೆ ಹಾಕಿ. ತೋಟದಲ್ಲಿ ಒಡೆದ ಗಾಜು ತುಳಿಯುವುದು ಕೆಲಸಕ್ಕೆ ಬಂದವರ ಕಾಲು. ಕಿವಿಯಲ್ಲಿ ಕುಯ್ ಅನ್ನುವ ಸದ್ದು ಒಂದೆರಡು ದಿನದಲ್ಲಿ ಹೋಗದಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಒಂದು ಕಿವಿ ಇದ್ದಕ್ಕಿದ್ದ ಹಾಗೆ ಕೇಳದೆ ಹೋದರೆ ಅಷ್ಟು ದಿನವೂ ಕಾಯಬೇಡಿ, ಅವತ್ತೇ ತೋರಿಸಿ.